ಗಾಲಿಗೆ ಕಲ್ಲು ಕೊಟ್ಟವರು

ನಮ್ಮೂರು ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿದೆ. ಊರು ದಾಟಿ ನಮ್ಮ ಕೇರಿ ಸಿಗುವ ಮುಂಚೆ ಒಂದು ಏರು ಬರುತ್ತದೆ. ದೊಡ್ಡ ಏರೇನಲ್ಲ. ಬಸ್ಸಿನಲ್ಲಿ ಕೂತು ಹೋಗುವವರಿಗೆ ಅದು ಏರು ಅಂತ ಗೊತ್ತೂ ಆಗುವುದಿಲ್ಲ. ಭಾರ ಎಳೆಯುವವನಿಗೆ ಮಾತ್ರ ಗೊತ್ತು.

ಕಬ್ಬಿನ ಕಾಲ ಬಂತು ಅಂದರೆ ಆ ಏರು ನಮ್ಮ ಕೇರಿಯ ಹುಡುಗರ ಆಟದ ಬಯಲು. ಒಂದು ಟ್ರಾಕ್ಟರಿಗೆ ಎರಡು ಟ್ರೇಲರ್ ಕಟ್ಟಿ, ಎರಡಾಳೆತ್ತರ ಕಬ್ಬು ಒಟ್ಟಿಕೊಂಡು ಬರುತ್ತಿದ್ದರು. ಏರಿನ ಅರ್ಧಕ್ಕೆ ಬರುವಷ್ಟರಲ್ಲಿ ಎಂಜಿನ್ನು ಏದುಸಿರು ಬಿಡುತ್ತಿತ್ತು. ಮುಂದಿನ ಗಾಲಿ ನೆಲ ಬಿಟ್ಟು ಏಳುತ್ತಿತ್ತು. ಡ್ರೈವರ್ ಕತ್ತು ಹಿಂದಕ್ಕೆ ತಿರುಗಿಸಿ 'ಕಲ್ಲು ಕೊಡ್ರೋ, ಕಲ್ಲು ಕೊಡ್ರೋ' ಅಂತ ಕೂಗುತ್ತಿದ್ದ. ನಾವು ಓಡಿ ಹೋಗಿ ಹಿಂದಿನ ಗಾಲಿಗೆ ಕಲ್ಲು ಒಡ್ಡುತ್ತಿದ್ದೆವು. ಅದಕ್ಕೆ ಕೂಲಿ ಒಂದೊಂದು ಜಲ್ಲೆ ಕಬ್ಬು.

ನಮಗೆ ಆಟವಾಗಿದ್ದದ್ದು ನಮ್ಮ ಚಿಕ್ಕಪ್ಪನಿಗೆ ಕೆಲಸ. ಕಬ್ಬು ಕಡಿದು, ಕಟ್ಟು ಕಟ್ಟಿ, ಲೋಡು ಮಾಡಿ, ಆಮೇಲೆ ಅದೇ ಲೋಡಿನ ಮೇಲೆ ಕೂತು ಫ್ಯಾಕ್ಟರಿ ತನಕ ಹೋಗಬೇಕು. ಏರು ಬಂದಾಗ ಧುಮುಕಿ ಕಲ್ಲು ಹಿಡಿದುಕೊಂಡು ಗಾಲಿಯ ಜೊತೆಗೇ ನಡೆಯಬೇಕು. 2009ರ ಒಂದು ರಾತ್ರಿ ಹಿಂದಿನ ಟ್ರೇಲರಿನ ಪಿನ್ನು ಕಿತ್ತುಕೊಂಡಿತು. ಚಿಕ್ಕಪ್ಪ ಕಲ್ಲು ಕೊಟ್ಟ. ಕಲ್ಲು ನಿಲ್ಲಲಿಲ್ಲ. ನನಗಾಗ ಹತ್ತು ವರ್ಷ.

ಮುಂದೆ ನಾನು ಕಾಲೇಜಿಗೆ ಹೋದೆ. ನಮ್ಮ ವಂಶದಲ್ಲಿ ಪದವಿ ಅಂತ ಕಂಡವನು ನಾನೇ ಮೊದಲು. ಇತಿಹಾಸದ ಪಾಠದಲ್ಲಿ ಮೇಷ್ಟ್ರು ಬರೆಸಿದರು: '1902ರಲ್ಲಿ ಶಿವನಸಮುದ್ರದಲ್ಲಿ ಜಲವಿದ್ಯುತ್ ಉತ್ಪಾದನೆ ಆರಂಭವಾಯಿತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಇದರ ರೂವಾರಿ.' ಬರೆದುಕೊಂಡೆ. ಪರೀಕ್ಷೆಗೂ ಬರೆದೆ. ಆಮೇಲೆ ಒಂದು ದಿನ ತಲೆಗೆ ಬಂತು. ಅಷ್ಟು ದೊಡ್ಡ ಯಂತ್ರ ಆ ಕಾಡು ಕಣಿವೆಗೆ ಹೋದದ್ದು ಹೇಗೆ? ಶಿವನಸಮುದ್ರಕ್ಕೆ ರೈಲಿಲ್ಲ. ಅವತ್ತಿಗೆ ಲಾರಿ ಎನ್ನುವುದೇ ನಮ್ಮ ಸೀಮೆಗೆ ಬಂದಿರಲಿಲ್ಲ.

ಹುಡುಕಿದೆ. ಉತ್ತರ ಸಿಕ್ಕಾಗ ಮೈ ಜುಮ್ಮೆಂದಿತು. ಯಂತ್ರಗಳು ಇಳಿದದ್ದು ಮದ್ದೂರು ರೈಲು ನಿಲ್ದಾಣದಲ್ಲಿ. ಅಲ್ಲಿಂದ ಸುಮಾರು ಮೂವತ್ತು ಮೈಲಿ ಎತ್ತಿನ ಗಾಡಿ, ಕುದುರೆ, ಆನೆಗಳಿಂದ ಎಳೆಸಿಕೊಂಡು ಹೋಗಿದ್ದಾರೆ. ಅಂದರೆ ಇದೇ ಸೀಮೆಯ ಇಂಥದೇ ಏರುಗಳ ಮೇಲೆ ಆ ಕಬ್ಬಿಣ ಹತ್ತಿ ಇಳಿದಿದೆ. ಅವತ್ತು ಗಾಲಿಗೆ ಕಲ್ಲು ಕೊಟ್ಟವರು ಯಾರು? ಈ ಲೇಖನ ಹುಟ್ಟಿದ್ದು ಈ ಪ್ರಶ್ನೆಯಿಂದ.

1

ಮೊದಲು ಒಂದು ಸಣ್ಣ ಲೆಕ್ಕ ನೋಡೋಣ. ಲೆಕ್ಕ ಅಂದರೆ ಹೆದರಬೇಡಿ. ಇದು ಗಾಡಿ ಹೊಡೆದ ನಮ್ಮ ಅಪ್ಪ ತಾತಂದಿರಿಗೆಲ್ಲ ಗೊತ್ತಿದ್ದ ಲೆಕ್ಕವೇ.

ಎತ್ತು ದಿನವಿಡೀ ದಣಿಯದೆ ಎಳೆಯಬಲ್ಲ ಬಲ ಅದರ ಮೈತೂಕದ ಸುಮಾರು ಹತ್ತನೇ ಒಂದು ಪಾಲು. ಒಂದು ಜೊತೆ ಹಳ್ಳಿಕಾರ್ ಎತ್ತು ಏಳೆಂಟುನೂರು ಕಿಲೋ ತೂಗಿದರೆ, ಅವುಗಳ ಎಳೆತ ಎಪ್ಪತ್ತು ಎಂಬತ್ತು ಕಿಲೋ. ಗಟ್ಟಿಯಾದ ಸಮತಟ್ಟು ರಸ್ತೆಯಲ್ಲಿ ಅಷ್ಟು ಎಳೆತಕ್ಕೆ ಒಂದು ಟನ್ನಿಗಿಂತ ಹೆಚ್ಚು ಭಾರವೇ ಉರುಳುತ್ತದೆ. ಮಣ್ಣಿನ ದಾರಿಯಾದರೆ ಅರ್ಧಕ್ಕೆ ಇಳಿಯುತ್ತದೆ. ಇನ್ನು ಇಪ್ಪತ್ತು ಅಡಿಗೆ ಒಂದು ಅಡಿ ಏರುವ ದಾರಿ ಸಿಕ್ಕಿತು ಅನ್ನಿ, ಪ್ರತಿ ಟನ್ನಿಗೂ ಐವತ್ತು ಕಿಲೋ ಎಳೆತ ಹೆಚ್ಚಿಗೆ ಬೇಕು. ನೆಟ್ಟಗೆ ಬಂದ ಜೋಡಿ ಅಲ್ಲಿ ಮೊಣಕಾಲೂರುತ್ತದೆ. ಇನ್ನೊಂದು ಜೋಡಿ ಕಟ್ಟಬೇಕು. ಮತ್ತೊಂದು ಜೋಡಿ ಕಟ್ಟಬೇಕು. ಜೋಡಿ ಹೆಚ್ಚಿದಷ್ಟೂ ಒಂದೇ ಉಸಿರಿಗೆ ಎಳೆಯುವುದು ಕಷ್ಟ. ಹತ್ತು ಜೋಡಿ ಕಟ್ಟಿದರೆ ಹತ್ತು ಜೋಡಿಯ ಬಲ ಸಿಗುವುದಿಲ್ಲ.

ಇದು ಹತ್ತುವ ಮಾತಾಯಿತು. ಇಳಿಯುವುದು ಇನ್ನೂ ಘೋರ. ಇಳಿಜಾರಿನಲ್ಲಿ ಎತ್ತು ಭಾರವನ್ನು ಎಳೆಯುವುದಿಲ್ಲ, ಭಾರವೇ ಎತ್ತನ್ನು ತಳ್ಳುತ್ತದೆ. ಅಲ್ಲಿ ಹಿಂದಿನಿಂದ ಹಗ್ಗ ಕಟ್ಟಿ ಮನುಷ್ಯರು ಜಗ್ಗಿ ಹಿಡಿಯಬೇಕು. ಗಾಲಿಗೆ ಕಲ್ಲೊಡ್ಡಬೇಕು, ತೆಗೆಯಬೇಕು, ಮತ್ತೆ ಒಡ್ಡಬೇಕು.

ಟ್ರಾಕ್ಟರಿನ ಕಥೆಯೂ ಇದೇ. ಗೇರು ಇಳಿಸಿದರೆ ಎಂಜಿನ್ನು ತನ್ನ ತೂಕಕ್ಕಿಂತ ಎಷ್ಟೋ ಪಟ್ಟು ಭಾರ ನಿಧಾನಕ್ಕೆ ಎಳೆದುಬಿಡುತ್ತದೆ. ಆದರೆ ನಿಲ್ಲಿಸುವುದು? ನಮ್ಮ ಹಳ್ಳಿಗಳ ಬಹುಪಾಲು ಟ್ರೇಲರುಗಳಿಗೆ ಸ್ವಂತ ಬ್ರೇಕೇ ಇಲ್ಲ. ಎರಡು ಟನ್ನು ತೂಗುವ ಟ್ರಾಕ್ಟರಿನ ಹಿಂದಿನ ಎರಡು ಗಾಲಿಯ ಬ್ರೇಕು, ಅದರ ಬೆನ್ನಿಗೆ ಬಿದ್ದ ಹತ್ತು ಹದಿನೈದು ಟನ್ನನ್ನು ತಡೆಯಬೇಕು. ತಡೆಯುವುದಿಲ್ಲ.

ಎಳೆಯುವ ಶಕ್ತಿ ಬೇರೆ, ತಡೆಯುವ ಶಕ್ತಿ ಬೇರೆ. ಎಳೆಯುವ ಶಕ್ತಿಗೆ ಕುದುರೆಯ ಹೆಸರಿಟ್ಟು ಅಳೆದಿದ್ದಾರೆ. ತಡೆಯುವ ಶಕ್ತಿಗೆ ಯಾವ ಪ್ರಾಣಿಯ ಹೆಸರೂ ಇಲ್ಲ. ಯಾಕೆಂದರೆ ಅದನ್ನು ಕೊಟ್ಟವರು ನಾವು.

ಗಾಡಿಗೂ ಭಾರಕ್ಕೂ ಸರಿಹೋಗದೇ ಇದ್ದಾಗ ನಡುವೆ ಒಂದು ಅಂತರ ಉಳಿಯುತ್ತದೆ. ದೊಡ್ಡ ಗಾಡಿ ತಂದರೆ ದುಡ್ಡು ಖರ್ಚು. ರಸ್ತೆ ಮಾಡಿದರೆ ದುಡ್ಡು ಖರ್ಚು. ಎರಡು ಸಲ ಹೊತ್ತರೆ ಹೊತ್ತು ಖರ್ಚು. ಆ ಅಂತರವನ್ನು ಯಾವುದರಿಂದ ತುಂಬಿದರೆ ಅಗ್ಗ? ಕೇರಿಯ ಮೈಯಿಂದ. ಇದು ಡ್ರೈವರಿನ ಪೆದ್ದುತನವಲ್ಲ, ಯಜಮಾನನ ಲೆಕ್ಕಾಚಾರ. ಈ ಲೆಕ್ಕಾಚಾರಕ್ಕೂ ಒಂದು ಚರಿತ್ರೆ ಇದೆ.

2

ನಮ್ಮ ಸೀಮೆಯಲ್ಲೇ ನಡೆದ ಒಂದು ಹಳೆಯ ಪ್ರಸಂಗ ಕೇಳಿ. 1791ರ ಮಾರ್ಚಿನಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಬೆಂಗಳೂರು ಕೋಟೆ ಹಿಡಿದ. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಮೇಲೆ ಹೊರಟ. ಚನ್ನಪಟ್ಟಣದ ಕಡೆಯ ನೇರ ದಾರಿ ಬಿಟ್ಟು ಕಾನಕಾನಹಳ್ಳಿ ಕಡೆಯ ಒರಟು ದಾರಿ ಹಿಡಿದ. ಜೊತೆಗೆ ಕೋಟೆ ಒಡೆಯುವ ಭಾರಿ ಫಿರಂಗಿಗಳು. ಒಂದೊಂದನ್ನೂ ಎಳೆಯಲು ಎತ್ತಿನ ಸಾಲುಸಾಲು.

ಟಿಪ್ಪು ಬುದ್ಧಿವಂತ. ದಾರಿಯ ಮೇವು ಸುಟ್ಟ, ದನಕರು ಓಡಿಸಿದ, ಊರು ಖಾಲಿ ಮಾಡಿಸಿದ. ಫಿರಂಗಿಯನ್ನು ಫಿರಂಗಿ ಎಳೆಯುವುದಿಲ್ಲ, ಎತ್ತು ಎಳೆಯುತ್ತದೆ ಅಂತ ಅವನಿಗೆ ಗೊತ್ತಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯ ದನಗಳನ್ನು ಹೈದರ್ ಬೆಳೆಸಿದ್ದ. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ. ಆ ಎತ್ತುಗಳ ವೇಗ ಮೈಸೂರು ಸೈನ್ಯದ ಅರ್ಧ ಬಲ. ಕಂಪನಿಯ ಸೈನ್ಯಕ್ಕೆ ಅಂಥ ದನ ಇರಲಿಲ್ಲ. ಬಾಡಿಗೆಗೆ ಹಿಡಿದ ದನ, ಮೇವಿಲ್ಲದ ದಾರಿ, ಮೇಲೆ ಮುಂಗಾರಿನ ಕೆಸರು. ಮೇ 15ರಂದು ಅರಕೆರೆ ಬಳಿ ಯುದ್ಧ ಗೆದ್ದರು. ಆದರೆ ಎತ್ತುಗಳು ದಿನಾ ಸಾಯುತ್ತಿದ್ದವು. ಗೆದ್ದ ಸೈನ್ಯಕ್ಕೆ ಮುಂದೆ ಹೋಗಲು ಆಗಲಿಲ್ಲ. ಕೊನೆಗೆ ಸಿಪಾಯಿಗಳ ಕೈಯಲ್ಲೇ ಫಿರಂಗಿ ಎಳೆಸಿದರು. ಮನುಷ್ಯರೂ ಸೋತರು. ಮೇ ತಿಂಗಳ ಕೊನೆಗೆ ಕಾರ್ನ್‌ವಾಲಿಸ್ ತನ್ನ ಭಾರಿ ಫಿರಂಗಿಗಳನ್ನು ತಾನೇ ಒಡೆಸಿ ಹಾಳುಮಾಡಿ ಬೆಂಗಳೂರಿನ ಕಡೆ ಹಿಂದೆ ಸರಿದ.

ಚರಿತ್ರೆಯ ಪುಸ್ತಕ ಇದನ್ನು 'ಮಳೆ ಮತ್ತು ಆಹಾರದ ಕೊರತೆ' ಅಂತ ಒಂದು ಸಾಲಿನಲ್ಲಿ ಮುಗಿಸುತ್ತದೆ. ನಿಜ ಏನೆಂದರೆ ಭಾರ ದೊಡ್ಡದಿತ್ತು, ಎಳೆಯುವ ಜೀವ ಚಿಕ್ಕದಿತ್ತು.

ಮಾರನೆ ವರ್ಷ ಫೆಬ್ರವರಿಯಲ್ಲಿ ಅವನು ಮತ್ತೆ ಬಂದ, ಗೆದ್ದ. ಆ ಸಲ ಅವನ ಸೈನ್ಯಕ್ಕೆ ಧಾನ್ಯ ತಂದುಕೊಟ್ಟವರು ಎತ್ತಿನ ಬೆನ್ನ ಮೇಲೆ ಗೋಣಿ ಹೇರಿ ದೇಶ ಸುತ್ತುತ್ತಿದ್ದ ಬಂಜಾರರು, ನಮ್ಮ ಲಂಬಾಣಿ ಜನ. ದಾರಿ ಕಡಿಯುವುದಕ್ಕೆ, ಫಿರಂಗಿ ದಾಟಿಸುವುದಕ್ಕೆ ಮದ್ರಾಸಿನ ಪಯೊನಿಯರ್ ಪಡೆ ಇತ್ತು. 1780ರಲ್ಲಿ ಕಟ್ಟಿದ ಆ ಪಡೆಗೆ ಪರೆಯರು ಬಹಳ ಮಂದಿ ಸೇರಿದರು. 1792ರ ಒಪ್ಪಂದದಲ್ಲಿ ಟಿಪ್ಪುವಿನ ಅರ್ಧ ರಾಜ್ಯ ಹೋಯಿತು, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ ಬಿತ್ತು, ಇಬ್ಬರು ಮಕ್ಕಳು ಒತ್ತೆಯಾಳಾದರು. ಇದನ್ನೆಲ್ಲ ನಾವು ಬಾಯಿಪಾಠ ಮಾಡಿದ್ದೇವೆ. ಧಾನ್ಯ ಹೊತ್ತ ಲಂಬಾಣಿಗೆ ಏನಾಯಿತು? ರೈಲು ಬಂದ ಮೇಲೆ ಅವನ ಹೇರೆತ್ತಿಗೆ ಕೆಲಸ ಹೋಯಿತು. 1871ರಲ್ಲಿ ಅದೇ ಬ್ರಿಟಿಷ್ ಸರ್ಕಾರ ಕಾಯ್ದೆ ಮಾಡಿ, ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಎಂದು ಪಟ್ಟಿ ಮಾಡಲು ಶುರು ಮಾಡಿತು. ಹೊತ್ತವನಿಗೆ ಸಿಕ್ಕ ಮರ್ಯಾದೆ ಇದು.

3

ಈಗ ಶಿವನಸಮುದ್ರಕ್ಕೆ ಬರೋಣ.

ಕೋಲಾರದ ಚಿನ್ನದ ಗಣಿಗಳು 1880ರ ದಶಕದಿಂದ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕೈಯಲ್ಲಿದ್ದವು. ಗಣಿ ಆಳಕ್ಕೆ ಹೋದಷ್ಟೂ ಅದಿರು ಮೇಲೆತ್ತಲು, ಪುಡಿ ಮಾಡಲು ಶಕ್ತಿ ಬೇಕು. ಕಲ್ಲಿದ್ದಲು ದೂರದಿಂದ ಬರಬೇಕು, ದುಬಾರಿ. ಕಾವೇರಿ ಧುಮುಕುವ ಕಡೆ ವಿದ್ಯುತ್ ಮಾಡಿ ಗಣಿಗೆ ಮಾರುವ ಯೋಜನೆ ಹುಟ್ಟಿತು. ಮೈಸೂರು ಸರ್ಕಾರ ಕಟ್ಟುವುದು, ಗಣಿ ಕಂಪನಿಗಳು ಕೊಳ್ಳುವುದು. ದಿವಾನರು ಶೇಷಾದ್ರಿ ಅಯ್ಯರ್, ಎಂಜಿನಿಯರ್ ಡಿ ಲಾಟ್‌ಬಿನಿಯೇರ್. ವಿದ್ಯುತ್ ಯಂತ್ರ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯದು. ನೀರಿನ ಚಕ್ರಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯವು.

ಡಾರ್ಜಿಲಿಂಗಿನಲ್ಲಿ 1897ರಲ್ಲೇ ಒಂದು ಪುಟ್ಟ ಜಲವಿದ್ಯುತ್ ಕೇಂದ್ರ ಆಗಿತ್ತು. ಆದರೆ ಇಷ್ಟು ದೊಡ್ಡದು ಈ ದೇಶದಲ್ಲಿ ಆಗಿರಲಿಲ್ಲ. ಒಂದೊಂದು 720 ಕಿಲೋವ್ಯಾಟಿನ ಆರು ಯಂತ್ರ. 92 ಮೈಲಿ ತಂತಿ. ಅವತ್ತಿನ ಪ್ರಪಂಚದಲ್ಲೇ ಅದು ಬಹು ಉದ್ದದ ವಿದ್ಯುತ್ ತಂತಿಗಳಲ್ಲಿ ಒಂದು. 1902ರ ಜೂನ್ 30ರಂದು ಕೋಲಾರಕ್ಕೆ ವಿದ್ಯುತ್ ಹರಿಯಿತು. ಶೇಷಾದ್ರಿ ಅಯ್ಯರ್ ಅದನ್ನು ನೋಡಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು.

ಈ ಅಂಕಿಗಳನ್ನು ನಾನು ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ಇದು ಸಣ್ಣ ಸಾಧನೆಯಲ್ಲ. ಯಂತ್ರದ ಮೇಲೆ ನನಗೆ ಹಗೆ ಇಲ್ಲ. ಕೇರಿಯವನಿಗೆ ಯಂತ್ರ ಬಿಡುಗಡೆಯನ್ನೂ ತಂದಿದೆ. ನನ್ನ ಜಗಳ ಇರುವುದು ಯಂತ್ರದ ಕಥೆ ಹೇಳುವ ರೀತಿಯ ಮೇಲೆ.

ಆ ಮೂವತ್ತು ಮೈಲಿಯನ್ನು ಮನಸ್ಸಿಗೆ ತಂದುಕೊಳ್ಳಿ. ಅಮೆರಿಕದಿಂದ ಹಡಗಿನಲ್ಲಿ ಬಂದ ಯಂತ್ರ. ಅದನ್ನು ಮಾಡಿದ ಊರಿನಲ್ಲಿ ರೈಲು ಹಳಿ ಕಾರ್ಖಾನೆಯ ಬಾಗಿಲಿಗೇ ಬರುತ್ತದೆ. ಇಲ್ಲಿ ಅದು ಮೀಟರ್ ಗೇಜ್ ರೈಲಿನಿಂದ ಇಳಿದ ಮೇಲೆ ಸಿಕ್ಕಿದ್ದು ರಾಗಿ ಮೂಟೆ, ಗೊಬ್ಬರ, ಸೌದೆ ಹೇರುವ ಮರದ ಗಾಲಿಯ ಗಾಡಿಯ ಲೋಕ. ಕಬ್ಬಿಣದ ಪಟ್ಟಿ ಹೊಡೆದ ಕಿರಿದಾದ ಗಾಲಿ ಭಾರಕ್ಕೆ ಮಣ್ಣಿನೊಳಗೆ ಚಾಕುವಿನಂತೆ ಇಳಿಯುತ್ತದೆ. ಒಂದು ಸಲ ಹೂತ ಗಾಲಿಯನ್ನು ಎಬ್ಬಿಸಲು ಹಾರೆ, ಮರದ ದಿಮ್ಮಿ, ಹಗ್ಗ, ಮತ್ತೆ ಜನ. ವಿದ್ಯುದಾಗಾರ ಇರುವುದಾದರೂ ಎಲ್ಲಿ? ಮೇಲಿನ ಬಯಲಿನಿಂದ ಸುಮಾರು 400 ಅಡಿ ಕೆಳಗೆ, ಕಣಿವೆಯ ಬುಡದಲ್ಲಿ. ಮೂವತ್ತು ಮೈಲಿ ಎಳೆದು ತಂದ ಪ್ರತಿ ತುಂಡನ್ನೂ ಅಲ್ಲಿಗೆ ಇಳಿಸಬೇಕು. ಬಿಟ್ಟರೆ ಯಂತ್ರ ಹೋಯಿತು, ಕೆಳಗಿದ್ದವನೂ ಹೋದ.

ಆನೆ ಎಳೆಯಿತು ಅಂತ ಬರೆದಿದ್ದಾರೆ. ಕುದುರೆ ಎಳೆಯಿತು ಅಂತ ಬರೆದಿದ್ದಾರೆ. ಸರಿ. ಆನೆಗೆ ಸರಪಳಿ ಬಿಗಿದವನು, ಹೂತ ಗಾಲಿ ಅಗೆದವನು, ಹಗ್ಗ ಜಗ್ಗಿದವನು, ಕಲ್ಲು ಕೊಟ್ಟವನು? ಪ್ರಾಣಿಗಳಿಗೆ ಸಿಕ್ಕ ಸಾಲು ಮನುಷ್ಯನಿಗೆ ಸಿಗಲಿಲ್ಲ.

ಯಾರೆಂದು ಊಹಿಸಲು ಕಷ್ಟವಿಲ್ಲ. ಅವತ್ತಿನ ನಮ್ಮ ಹಳ್ಳಿಯಲ್ಲಿ ತೋಟಿ, ತಳವಾರ, ಕುಳವಾಡಿ ಅನ್ನುವ ಹುಟ್ಟು ಚಾಕರಿಗಳಿದ್ದವು. ಸರ್ಕಾರದವರು ಬಂದರೆ ಸಾಮಾನು ಹೊರುವುದು, ಸತ್ತ ದನ ಎಳೆಯುವುದು, ದಾರಿ ಸರಿ ಮಾಡುವುದು, ಇದಕ್ಕೆ ಕೂಗು ಬರುತ್ತಿದ್ದದ್ದು ಕೇರಿಗೆ. 'ಬಿಟ್ಟಿ' ಅನ್ನುವ ಮಾತೇ ಅದಕ್ಕಾಗಿ ಇತ್ತು. ಆನುವಂಶಿಕ ಗ್ರಾಮ ಹುದ್ದೆಗಳನ್ನು ತೆಗೆದುಹಾಕುವ ಕಾನೂನು ಆದದ್ದು 1961ರಲ್ಲಿ, ಶಿವನಸಮುದ್ರದ ದೀಪ ಹತ್ತಿ ಅರವತ್ತು ವರ್ಷದ ಮೇಲೆ. ನಮ್ಮ ತಾತ ಹೇಳುತ್ತಿದ್ದ: 'ನಮ್ ತಾತನ ಕಾಲ್ದಲ್ಲಿ ಆ ದಾರೀಲಿ ಮನೆಯಷ್ಟು ದಪ್ಪದ ಕಬ್ಣ ಓಯ್ತಂತೆ ಕಣ್ಲಾ. ಕೇರಿ ಗಂಡಾಳೆಲ್ಲ ತಿಂಗಳುಗಟ್ಲೆ ಮನೆಗೆ ಬರ್ನಿಲ್ವಂತೆ.' ನಾನು ಅದನ್ನು ಅಜ್ಜನ ಕಟ್ಟುಕಥೆ ಅಂದುಕೊಂಡಿದ್ದೆ. ಬಿ.ಎ. ಓದಿದ ಮೇಲೆ ಅದು ಚರಿತ್ರೆ ಅಂತ ತಿಳಿಯಿತು. ನಮ್ಮ ಮನೆಯಲ್ಲೇ ಇದ್ದ ಪುಸ್ತಕವನ್ನು ನಾನು ಓದಿರಲಿಲ್ಲ.

4

ಆ ವಿದ್ಯುತ್ ಹೋದದ್ದು ಎಲ್ಲಿಗೆ? ಮೊದಲು ಚಿನ್ನಕ್ಕೆ. ಆಮೇಲೆ 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿ ದೀಪಕ್ಕೆ. ಮೂರು ವರ್ಷದ ಮೇಲೆ ಮೈಸೂರಿನ ಅರಮನೆಗೆ. ಯಂತ್ರ ದಾಟಿಹೋದ ದಾರಿಯ ಹಳ್ಳಿಗಳ ತಲೆಯ ಮೇಲೆ ತಂತಿ ಹಾದುಹೋಯಿತು, ಕೆಳಗಿಳಿಯಲಿಲ್ಲ. ನಮ್ಮ ಕೇರಿಯ ಗುಡಿಸಲಿಗೆ ಮೊದಲ ಬಲ್ಬು ಬಂದದ್ದು ಭಾಗ್ಯಜ್ಯೋತಿ ಯೋಜನೆಯಲ್ಲಿ. ಒಂದು ಮನೆಗೆ ಒಂದೇ ಬಲ್ಬು. ಕೂಗಳತೆಯಲ್ಲಿ ಹುಟ್ಟಿದ ವಿದ್ಯುತ್ತು ನಮ್ಮ ಮನೆಗೆ ಬರಲು ಮುಕ್ಕಾಲು ಶತಮಾನ ತೆಗೆದುಕೊಂಡಿತು.

ತಂತಿಯ ಆ ತುದಿಯಲ್ಲಿ ಯಾರಿದ್ದರು ಅಂತಲೂ ನೋಡಬೇಕು. ಗಣಿಯ ಒಳಗಿಳಿದವರಲ್ಲಿ ಬಹುಪಾಲು ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಬಂದ ಆದಿದ್ರಾವಿಡರು. ಊರಿನ ಜೀತಕ್ಕಿಂತ ನೆಲದೊಳಗಿನ ಕತ್ತಲೆಯೇ ಮೇಲು ಅಂತ ಬಂದವರು. ನಮ್ಮವರು ಎಳೆದುಕೊಟ್ಟ ಯಂತ್ರದ ಬಲದಿಂದ ಅವರನ್ನು ಇನ್ನಷ್ಟು ಆಳಕ್ಕೆ ಇಳಿಸಿದರು. ಚಾಂಪಿಯನ್ ರೀಫ್ ಗಣಿ ಕೊನೆಗೆ ಮೂರು ಕಿಲೋಮೀಟರಿಗೂ ಆಳ ಹೋಯಿತು. ಬಂಡೆ ಸಿಡಿದು ಸತ್ತರು, ಕಲ್ಲಿನ ದೂಳು ಕುಡಿದು ಶ್ವಾಸಕೋಶ ಕಲ್ಲಾಗಿ ಸತ್ತರು. ಚಿನ್ನ ಲಂಡನ್ನಿಗೆ ಹೋಯಿತು.

ಒಂದು ತಂತಿ. ಈ ತುದಿಯಲ್ಲಿ ಕನ್ನಡದ ಕೇರಿ, ಆ ತುದಿಯಲ್ಲಿ ತಮಿಳಿನ ಚೇರಿ. ಇಬ್ಬರಿಗೂ ಒಬ್ಬರಿನ್ನೊಬ್ಬರು ಗೊತ್ತಿರಲಿಲ್ಲ.

ಆದರೆ ಆ ತುದಿಯಿಂದ ನಾವು ಕಲಿಯಬೇಕಾದದ್ದು ಇದೆ. ಅಲ್ಲಿನವರು ಸುಮ್ಮನಿರಲಿಲ್ಲ. ಅಯೋತಿ ದಾಸರ ಬೌದ್ಧ ಸಂಘದ ಶಾಖೆ ಗಣಿಯ ಮಾರಿಕುಪ್ಪಂನಲ್ಲಿ ಇಪ್ಪತ್ತನೇ ಶತಮಾನದ ಆರಂಭದಲ್ಲೇ ಬೇರು ಬಿಟ್ಟಿತ್ತು. ಅವರ 'ತಮಿಳನ್' ಪತ್ರಿಕೆಗೆ ಅವರು ತೀರಿಕೊಂಡ ಮೇಲೆ ಗಣಿಯ ಜನ ಮರುಜೀವ ಕೊಟ್ಟರು. ಗಣಿ ಕೂಲಿಯ ದುಡ್ಡಿನಿಂದ ಅಚ್ಚುಕೂಟ ನಡೆಸಿದರು. 1930ರಲ್ಲಿ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ಆಜ್ಞೆ ಬಂದಾಗ ಸಾವಿರಾರು ಜನ ಕೆಲಸ ನಿಲ್ಲಿಸಿದರು. 1946ರ ನವೆಂಬರಿನ ಹೋರಾಟದಲ್ಲಿ ಪೊಲೀಸರ ಗುಂಡಿಗೆ ಬಿದ್ದರು. ಗಣಿ 2001ರಲ್ಲಿ ಮುಚ್ಚಿತು. ಸಯನೈಡಿನ ಮಣ್ಣುಗುಡ್ಡೆ ಇನ್ನೂ ಇದೆ. ಅವರ ಹೋರಾಟದ ಬರಹವೂ ಇದೆ, ಯಾಕೆಂದರೆ ಅವರು ಬರೆದಿಟ್ಟರು. ನಮ್ಮ ಈ ತುದಿಯ ಕಥೆ ಉಳಿಯಲಿಲ್ಲ. ಯಾಕೆಂದರೆ ನಮಗೆ ಅಕ್ಷರ ಬಂದದ್ದು ಮೊನ್ನೆ.

5

ಇದೆಲ್ಲ ಹಳೆಯ ಮಾತಾಯಿತಲ್ಲ, ಈಗ ಲಾರಿ ಬಂದಿದೆ, ಕಾಯ್ದೆ ಬಂದಿದೆ ಅಂತ ಗೆಳೆಯರು ಕೇಳಬಹುದು. ಅದನ್ನೂ ನೋಡೋಣ.

ಬಳ್ಳಾರಿ, ಸಂಡೂರು, ಹೊಸಪೇಟೆಯ ಅದಿರು 2003ರ ಸುಮಾರಿನಿಂದ ಚೀನಾಕ್ಕೆ ಹೋಗತೊಡಗಿದಾಗ ಏನಾಯಿತು? ಲಾರಿಗಳು ಸಾಲುಗಟ್ಟಿದವು. ಅರಬೈಲು ಘಟ್ಟ ಇಳಿದು ಬೇಲೆಕೇರಿ ಬಂದರಿಗೆ ಹಗಲೂ ರಾತ್ರಿ ಓಡಿದವು. ಲಾರಿಯ ತಾಕತ್ತಿಗೂ ಅದರ ಮೇಲಿನ ಅದಿರಿಗೂ ತಾಳೆಯೇ ಇರಲಿಲ್ಲ. ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರು 2008ರಲ್ಲಿ ಮತ್ತು 2011ರ ಜುಲೈನಲ್ಲಿ ಕೊಟ್ಟ ವರದಿಗಳು ಈ ಓವರ್‌ಲೋಡನ್ನೂ ದಾಖಲೆ ಮಾಡಿದವು. ಆ ವರದಿಯಿಂದ ಒಬ್ಬ ಮುಖ್ಯಮಂತ್ರಿ ಕುರ್ಚಿ ಬಿಟ್ಟದ್ದು ಎಲ್ಲರಿಗೂ ನೆನಪಿದೆ. ಘಟ್ಟದಲ್ಲಿ ಬ್ರೇಕು ಸುಟ್ಟು ಉರುಳಿದ ಲಾರಿಯ ಕ್ಲೀನರ್ ಹುಡುಗ ಯಾರಿಗೆ ನೆನಪಿದ್ದಾನೆ? ಮರದ ಗಟ್ಟೆ ಹಿಡಿದುಕೊಂಡು ಲಾರಿಯ ಹಿಂದೆ ಓಡುವವನು ಅವನೇ. ನಮ್ಮ ಚಿಕ್ಕಪ್ಪನ ಕೆಲಸವೇ ಅದು, ಹೆಸರು ಮಾತ್ರ ಬೇರೆ.

ರಸ್ತೆಗೂ ಒಂದು ಲೆಕ್ಕ ಇದೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ಲಾರಿಗಳನ್ನು ಓಡಿಸಿ ಓಡಿಸಿ ಪರೀಕ್ಷೆ ಮಾಡಿದರು. ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಎರಡು ಪಟ್ಟಲ್ಲ, ಸುಮಾರು ಹದಿನಾರು ಪಟ್ಟು ಅಂತ ಗೊತ್ತಾಯಿತು. ಲಾಭ ಗಣಿಯ ಧಣಿಗೆ ಎರಡು ಪಟ್ಟು. ಗುಂಡಿ ನಮಗೆ ಹದಿನಾರು ಪಟ್ಟು. ಆ ಗುಂಡಿಯಲ್ಲಿ ಸೈಕಲ್ ತುಳಿಯುವವನು ನಮ್ಮ ಶಾಲೆಯ ಹುಡುಗ.

ಕಾಯ್ದೆಯ ವಿಚಾರ. ಮಿತಿ ಮೀರಿ ಹೇರಬಾರದು ಅಂತ 1988ರ ಮೋಟಾರು ವಾಹನ ಕಾಯ್ದೆಯಲ್ಲೇ ಇದೆ. ಹೆಚ್ಚಿನ ಭಾರವನ್ನು ಅಲ್ಲೇ ಇಳಿಸದೆ ಬರೀ ದಂಡ ಕಟ್ಟಿಸಿಕೊಂಡು ಬಿಡುವುದು ತಪ್ಪು ಅಂತ ಸುಪ್ರೀಂ ಕೋರ್ಟು 2005ರಲ್ಲಿ ಹೇಳಿತು. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಎರಡು ಅಚ್ಚಿನ ಲಾರಿಯ ಒಟ್ಟು ತೂಕದ ಮಿತಿಯನ್ನು 16.2 ಟನ್ನಿನಿಂದ 18.5 ಟನ್ನಿಗೆ ಏರಿಸಿತು. ಭಾರ ಇಳಿಸಲಾಗದಿದ್ದಾಗ ಮಿತಿಯನ್ನೇ ಏರಿಸಿದರು. 2019ರ ತಿದ್ದುಪಡಿಯಲ್ಲಿ ದಂಡ ಇಪ್ಪತ್ತು ಸಾವಿರ ರೂಪಾಯಿ, ಹೆಚ್ಚಿನ ಒಂದೊಂದು ಟನ್ನಿಗೂ ಎರಡು ಸಾವಿರ. ಓಡಿಸಿದವನೂ ಓಡಿಸಲು ಬಿಟ್ಟವನೂ ಹೊಣೆ ಅಂತ ಕಾಯ್ದೆ ಹೇಳುತ್ತದೆ. ಆದರೆ ರಸ್ತೆಯಲ್ಲಿ ಕೈಗೆ ಸಿಗುವವನು ಓಡಿಸಿದವನು. ಓಡಿಸಲು ಬಿಟ್ಟವನು ಮನೆಯಲ್ಲಿರುತ್ತಾನೆ.

ಇನ್ನೊಂದು ಹೇಳಬೇಕು. ಇದು ನೋವಿನ ಮಾತು. ಹೈದರಾಬಾದಿನ ಹುಸೇನ್ ಸಾಗರದ ನಡುವೆ ನಿಲ್ಲಿಸಲು ಎನ್.ಟಿ. ರಾಮರಾವ್ ಸರ್ಕಾರ 1985ರಲ್ಲಿ ಒಂದೇ ಕಲ್ಲಿನ ಬುದ್ಧನನ್ನು ಕೆತ್ತಿಸಲು ಹೊರಟಿತು. ಮುನ್ನೂರು ಟನ್ನಿಗೂ ಮೀರಿದ ಕಲ್ಲು. ರಾಯಗಿರಿಯಿಂದ ಹೈದರಾಬಾದಿನವರೆಗೆ ಬಹುಚಕ್ರದ ಟ್ರೇಲರಿನ ಮೇಲೆ ಅದು ಬಂತು. ನೆಲದ ಮೇಲೆ ಲೆಕ್ಕ ಸರಿಯಾಗಿತ್ತು. ನೀರಿನ ಮೇಲೆ ತಪ್ಪಿತು. 1990ರ ಮಾರ್ಚ್ 10ರಂದು ದೋಣಿಯ ಮೇಲೆ ಸಾಗಿಸುವಾಗ ಬುದ್ಧ ವಾಲಿ ಕೆರೆಗೆ ಬಿದ್ದ. ಕೆಲಸದಲ್ಲಿದ್ದ ಜನ ಸತ್ತರು. 1992ರ ಡಿಸೆಂಬರಿನಲ್ಲಿ ಬುದ್ಧನನ್ನು ಎತ್ತಿ ನಿಲ್ಲಿಸಿದರು. ಈಗ ಪ್ರವಾಸಿಗರು ಅವನ ಮುಂದೆ ನಿಂತು ಫೋಟೋ ಹಿಡಿಸಿಕೊಳ್ಳುತ್ತಾರೆ. ನಾನೂ ಹೋಗಿದ್ದೆ. ದುಃಖಕ್ಕೆ ಕಾರಣ ಹುಡುಕಿದವನ ಕಾಲ ಬುಡದಲ್ಲಿ, ಅವನನ್ನು ಸಾಗಿಸುತ್ತಾ ಸತ್ತವರನ್ನು ನೆನೆದು ನಿಂತಿದ್ದೆ.

6

ಚಿಕ್ಕಪ್ಪನ ಕಥೆ ಅರ್ಧಕ್ಕೆ ಬಿಟ್ಟಿದ್ದೆ. ಮುಗಿಸುತ್ತೇನೆ.

ಚಿಕ್ಕಪ್ಪ ಸತ್ತ ಮೇಲೆ ನಮ್ಮಪ್ಪ ಪರಿಹಾರಕ್ಕೆ ಓಡಾಡಿದ. ವಿಮೆಯವರು ಹೇಳಿದರು: ಟ್ರಾಕ್ಟರಿಗೆ ಇರುವುದು ವ್ಯವಸಾಯದ ವಿಮೆ, ಲೋಡಿನ ಮೇಲೆ ಕೂತವನಿಗೆ ಅನ್ವಯಿಸುವುದಿಲ್ಲ. ಟ್ರಾಕ್ಟರಿನ ಯಜಮಾನ ಹೇಳಿದ: ಅವನು ನನ್ನ ಆಳಲ್ಲ, ಮೇಸ್ತ್ರಿ ಕರಕೊಂಡು ಬಂದದ್ದು. ಮೇಸ್ತ್ರಿ ಹೇಳಿದ: ನಾನು ಕಬ್ಬು ಕಡಿಯೋಕೆ ಕರೆದದ್ದು, ಗಾಡಿ ಹಿಂದೆ ಹೋಗು ಅಂದಿಲ್ಲ. ಫ್ಯಾಕ್ಟರಿಯವರು ಹೇಳಿದರು: ಗೇಟಿನ ಹೊರಗೆ ಆದದ್ದಕ್ಕೆ ನಾವು ಜವಾಬ್ದಾರರಲ್ಲ. ಕೆಲಸದಲ್ಲಿ ಸತ್ತವನ ಮನೆಯವರಿಗೆ ಪರಿಹಾರ ಕೊಡಬೇಕು ಅನ್ನುವ ಕಾಯ್ದೆ ಈ ದೇಶದಲ್ಲಿ 1923ರಿಂದ ಇದೆ. ಆದರೆ ಕೆಲಸದಲ್ಲಿದ್ದ ಅನ್ನುವುದಕ್ಕೆ ಒಂದು ಚೀಟಿ ಬೇಕು. ಚಿಕ್ಕಪ್ಪನ ಹೆಸರು ಯಾವ ಚೀಟಿಯಲ್ಲೂ ಇರಲಿಲ್ಲ. ಕಬ್ಬಿನ ತೂಕದ ಚೀಟಿ ಮಾತ್ರ ಇತ್ತು. ಅದರಲ್ಲಿ ಕಿಲೋಗೆ ಕಿಲೋ ಲೆಕ್ಕ ಸರಿಯಾಗಿತ್ತು.

ಅವತ್ತು ನನಗೆ ಅರ್ಥವಾಗಲಿಲ್ಲ, ಈಗ ಅರ್ಥವಾಗುತ್ತದೆ. ಶಿವನಸಮುದ್ರದ ದಾರಿಯಲ್ಲಿ ಹೆಸರು ಬರೆಯದೇ ಇದ್ದದ್ದೂ, ಚಿಕ್ಕಪ್ಪನ ಹೆಸರು ಬರೆಯದೇ ಇದ್ದದ್ದೂ ಒಂದೇ ಕೆಲಸ. ಹೆಸರು ಬರೆದರೆ ಹೊಣೆ ಹೊರಬೇಕಾಗುತ್ತದೆ. ಹೆಸರಿಲ್ಲದವನ ಸಾವಿಗೆ ಬೆಲೆ ಕಟ್ಟಬೇಕಾಗಿಲ್ಲ. ಚರಿತ್ರೆಯಲ್ಲಿ ನಮ್ಮ ಹೆಸರು ಬಿಟ್ಟುಹೋದದ್ದು ಮರೆವಿನಿಂದ ಅಂತ ನಂಬಿದ್ದೆವಲ್ಲ ಗೆಳೆಯರೇ, ಅದು ಮರೆವಲ್ಲ, ಉಳಿತಾಯ.

ಹಾಗಾದರೆ ನಾವೇನು ಮಾಡಬೇಕು? ದೊಡ್ಡ ಘೋಷಣೆ ನನ್ನ ಹತ್ತಿರ ಇಲ್ಲ. ಮೂರು ಮಾತಿದೆ.

ಹಳ್ಳಿಯ ಮೇಷ್ಟ್ರುಗಳೇ, ಜಲವಿದ್ಯುತ್ತಿನ ಪಾಠ ಮಾಡುವ ದಿನ ಮಕ್ಕಳಿಗೆ ಒಂದು ಕೆಲಸ ಕೊಡಿ. ನಿಮ್ಮ ಮನೆಯ ಹಿರಿಯರು ಏನೇನು ಹೊತ್ತಿದ್ದಾರೆ, ಏನೇನು ಎಳೆದಿದ್ದಾರೆ ಅಂತ ಕೇಳಿ ಬರೆದುಕೊಂಡು ಬನ್ನಿ ಅನ್ನಿ. ಅಣೆಕಟ್ಟಿನ ಕಲ್ಲು, ನಾಲೆಯ ಮಣ್ಣು, ಕರೆಂಟಿನ ಕಂಬ, ಕಬ್ಬಿನ ಲೋಡು, ಎಲ್ಲ ಬರಲಿ. ಹಿರಿಯರು ಹೋದರೆ ಆ ಪುಸ್ತಕ ಮತ್ತೆ ಸಿಗುವುದಿಲ್ಲ.

ವಿದ್ಯಾರ್ಥಿ ಗೆಳೆಯರೇ, ಪತ್ರಾಗಾರಕ್ಕೆ ಹೋದಾಗ ದಿವಾನರ ಭಾಷಣದ ಕಡತ ಒಂದೇ ಕೇಳಬೇಡಿ. ಕಾಮಗಾರಿಯ ಲೆಕ್ಕ, ಗಾಡಿ ಬಾಡಿಗೆಯ ಲೆಕ್ಕ, ಆಸ್ಪತ್ರೆಯ ಲೆಕ್ಕ ಕೇಳಿ. ನಮ್ಮ ಜನ ಭಾಷಣದಲ್ಲಿ ಇರುವುದಿಲ್ಲ, ಖರ್ಚಿನ ಕಾಲಮ್ಮಿನಲ್ಲಿ ಇರುತ್ತಾರೆ.

ಸಂಘಟನೆಯ ಅಣ್ಣಂದಿರೇ, ಈ ಸಲ ಕಬ್ಬು ಕಡಿಯುವ ಕಾಲಕ್ಕೆ ಮುಂಚೆ ಗೇಟಿನ ಮುಂದೆ ನಿಂತು ಕೇಳೋಣ. ಪ್ರತಿ ಟ್ರೇಲರಿಗೂ ಬ್ರೇಕು ಇರಬೇಕು. ಒಂದು ಟ್ರಾಕ್ಟರಿಗೆ ಎಷ್ಟು ಭಾರ ಅಂತ ಗೇಟಿನಲ್ಲಿ ಬೋರ್ಡು ಇರಬೇಕು. ಕಬ್ಬು ತೂಗುವ ಅದೇ ಚೀಟಿಯ ಮೇಲೆ ಕಡಿದವನ, ಹೇರಿದವನ, ಜೊತೆ ಬಂದವನ ಹೆಸರು ಬರೆಯಬೇಕು. ಟನ್ನಿಗೆ ಚೀಟಿ ಇದ್ದರೆ ಮನುಷ್ಯನಿಗೂ ಇರಲಿ.

ಇಷ್ಟು ಬರೆದು ಚಿಕ್ಕಮ್ಮನಿಗೆ ಓದಿ ಹೇಳಿದೆ. ಮೊದಲ ಸಾಲಿನಲ್ಲೇ ಚಿಕ್ಕಪ್ಪನ ಹೆಸರು ಹಾಕಿದ್ದೆ. ಹೆಸರು ಬರೆಯಬೇಕು ಅಂತಲೇ ಅಲ್ಲವೇ ಈ ಲೇಖನ. ಅವಳು ಕೇಳಿಸಿಕೊಂಡು ಸುಮಾರು ಹೊತ್ತು ಸುಮ್ಮನಿದ್ದಳು. ಆಮೇಲೆ ಅಂದಳು:

'ಎಲ್ಲಾ ಸರ್ಯಾಗದೆ ಕಣ್ಮಗ. ಹೆಸ್ರೊಂದು ತೆಗ್ದುಬುಡು. ನಾಳಿಕ್ಕೆ ನಾನು ಅವ್ರ ಗದ್ದೆಗೇ ನಾಟಿಗೆ ಹೋಗ್ಬೇಕು.'

ತೆಗೆದಿದ್ದೇನೆ. ಚಿಕ್ಕಮ್ಮ ಹೆದರದೆ ಆ ಹೆಸರು ಹೇಳುವ ದಿನ ಈ ಲೇಖನವನ್ನು ಮತ್ತೆ ಅಚ್ಚು ಹಾಕಿಸುತ್ತೇನೆ. ಅಲ್ಲಿಯವರೆಗೆ ಇದು ಅರ್ಧ ಬರೆದ ಚರಿತ್ರೆ ಅಂತಲೇ ಓದಿಕೊಳ್ಳಿ.